ಲಿಮಿಟೆಡ್ ಎಡಿಷನ್ ರೇಸಿಂಗ್ ಕ್ರೋನೋಗ್ರಾಫ್: ಚೆಕ್ಕರ್ಡ್ ಫ್ಲ್ಯಾಗ್ ಡಯಲ್ ತಗೊಳ್ಳಲಾ, ಸಾದಾ ಪಾಂಡಾ ತಗೊಳ್ಳಲಾ?

ಕ್ರೋನೋಗ್ರಾಫ್, ಅಂದ್ರೆ ಸ್ಟಾಪ್‌ವಾಚ್ ಇರೋ ಕೈಗಡಿಯಾರ ತಗೋಬೇಕು, 500 ಪೀಸ್ ಮಾತ್ರ ಇರೋ, ರೇಸ್ ಬಾವುಟದ ಥರ ಕಪ್ಪು ಬಿಳಿ ಚೌಕದ ಫ್ಲ್ಯಾಗ್ ಡಯಲ್ ಮನಸ್ಸಿಗೆ ಹಿಡಿಸಿದೆ, ಫ್ರೆಂಡ್ಸ್ ಮಾತ್ರ ಬಿಳೀ ಮೇಲೆ ಕಪ್ಪು ಸಬ್‌ಡಯಲ್ (ಡಯಲ್ ಒಳಗಿನ ಪುಟ್ಟ ಡಯಲ್) ಇರೋ ಪಾಂಡಾನೇ ತಗೋ ಅಂತಿದಾರೆ, ಮುಂದೆ ಯಾವ ಡಯಲ್ಲಿಗೆ ಬೆಲೆ ಬರುತ್ತೆ, ಇಷ್ಟೇ ತಾನೇ ನಿಮ್ಮ ಪ್ರಶ್ನೆ? ನಾನೂ ಹಿಂಗೇ ಕೇಳ್ಕೊಂಡು ಓಡಾಡ್ತಿದ್ದೆ.

ನಾನು ತಗೊಂಡಿದ್ದು ಯಾವ ಕಂಪನಿದು ಅಂತ ಹೇಳಲ್ಲ ಬಿಡಿ. ಕಾರ್ಬನ್ ಫೈಬರ್ ಡಯಲ್, ಸ್ಪೀಡೋಮೀಟರ್ ಥರ ಮೂರು ಸಬ್‌ಡಯಲ್, ಕೆಂಪು ಮುಳ್ಳು, ಹಿಂದೆ ಕೆತ್ತಿದ ನಂಬರ್, ಒಂದು ಲಕ್ಷದ ಮೇಲೆ ಚಿಲ್ಲರೆ. ಬಂದ ಹೊಸದರಲ್ಲಿ ಆಫೀಸಲ್ಲಿ ಎಲ್ಲರೂ ಕೈ ಹಿಡ್ಕೊಂಡು ನೋಡಿದ್ದೇ ನೋಡಿದ್ದು. ಆಮೇಲೆ ಒಬ್ಬ ಫ್ರೆಂಡು ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕಲ್ಲಿ ಬೈಕ್ ಓಡಿಸೋಕೆ ಹೋದ, ನಾನೂ ಜೊತೆಗೆ ಹೋಗಿ ಟ್ರ್ಯಾಕ್ ಪಕ್ಕದ ಗೋಡೆ ಹತ್ರ ನಿಂತು ಲ್ಯಾಪ್ ಟೈಮ್ ತೆಗೀತೀನಿ ಅಂದೆ, ರೇಸಿಂಗ್ ವಾಚ್ ಇಟ್ಕೊಂಡು ಇಷ್ಟೂ ಮಾಡ್ದೇ ಇದ್ರೆ ಹೆಂಗೆ. ಸುಡುಬಿಸಿಲು. ಬಟನ್ ಒತ್ತಿದೆ, ಅವನು ಮುಂದೆ ಪಾಸ್ ಆದಾಗ ನಿಲ್ಲಿಸಿದೆ, ಎರಡು ನಿಮಿಷ ಏಳು ಸೆಕೆಂಡ್ ಅಂತ ಬರ್ಕೊಂಡೆ. ಅವನ ಲ್ಯಾಪ್ ಟೈಮರಲ್ಲಿ ಎರಡು ನಿಮಿಷ ಮೂರು ಸೆಕೆಂಡು. "ಮಗಾ ನೀನು ಫೋನಲ್ಲೇ ನೋಡು" ಅಂದ.

ವಾಚ್ ಸರಿಯಾಗೇ ಓಡ್ತಿತ್ತು, ಓದಕ್ಕೆ ಆಗ್ತಿರಲಿಲ್ಲ ಅಷ್ಟೇ. ಸೆಕೆಂಡಿನ ಮುಳ್ಳು ಹೊರಗಿನ ಸ್ಕೇಲ್ ತನಕ ಮುಟ್ಟೋದೇ ಇಲ್ಲ, ಎರಡು ಮಿಲಿಮೀಟರ್ ಮುಂಚೇನೇ ಮುಗಿದುಹೋಗುತ್ತೆ, ಸ್ಕೇಲಲ್ಲಿ ಅಂಕಿನೂ ಇಲ್ಲ, ಹಂಗಾಗಿ ಯಾವ ಗೆರೆಗೆ ತೋರಿಸ್ತಿದೆ ಅಂತ ಅಂದಾಜು ಹಾಕ್ಬೇಕು.

ಇಲ್ಲಿ ನನ್ನ ತಪ್ಪೇನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ದುಡ್ಡು ಹೋಗಿದ್ದು ಇಲ್ಲೇ. ನಾನು ಡಯಲ್ ನೋಡಿದ್ದು ಬರೀ ಕಂಪನಿಯವರ ಫೋಟೋದಲ್ಲಿ. ಆ ಫೋಟೋಗಳಲ್ಲಿ ಯಾವಾಗ್ಲೂ ಹತ್ತೂ ಹತ್ತು ಆಗಿರುತ್ತೆ, ಕ್ರೋನೋ ಮುಳ್ಳು ಹನ್ನೆರಡಕ್ಕೆ ನೆಟ್ಟಗೆ ನಿಂತಿರುತ್ತೆ, ಅಂದ್ರೆ ಒಂದೇ ಒಂದು ಸಬ್‌ಡಯಲ್ಲೂ ಮುಚ್ಚಿರಲ್ಲ. ಎರಡೂ ಮುಕ್ಕಾಲಿಗೋ ಒಂಬತ್ತೂ ಕಾಲಿಗೋ ನೋಡಿ, ದಪ್ಪ ಮುಳ್ಳುಗಳು ಎಡ ಬಲ ಸಬ್‌ಡಯಲ್ಲಿನ ಮೇಲೆ ಮಲಗಿರ್ತವೆ. ಗಾಜಿನ ಪ್ರತಿಫಲನ ಫೋಟೋದಲ್ಲಿ ಇರಲ್ಲ, ಕೈಮೇಲೆ ಇರುತ್ತೆ. ಇನ್ನೊಂದು, ಮೂವತ್ತು ಚಿಲ್ಲರೆ ಮಿಲಿಮೀಟರ್ ಡಯಲ್ಲನ್ನ ಲ್ಯಾಪ್‌ಟಾಪ್ ಸ್ಕ್ರೀನಲ್ಲಿ ಅಂಗೈ ಅಗಲಕ್ಕೆ ನೋಡಿದೆ, ಸಾಲದು ಅಂತ ಜೂಮ್ ಬೇರೆ ಮಾಡಿದೆ, ಕಾರ್ಬನ್ ನೇಯ್ಗೆ ಏನ್ ಸಕ್ಕತ್ತಾಗಿದೆ ಅನ್ಸಿತ್ತು. ಕೈಗೆ ಕಟ್ಟಿದ್ಮೇಲೆ ಅದು ಬೂದು ಬಣ್ಣದ ಗೋಣಿಚೀಲ. ಯಾರಾದ್ರೂ ಕೈಗೆ ಕಟ್ಕೊಂಡು ತೆಗೆದ ಒಂದು ವಿಡಿಯೋ ಹುಡುಕಿದ್ರೂ ಸಾಕಿತ್ತು, ಹುಡುಕಲಿಲ್ಲ, ಪೀಸ್ ಖಾಲಿ ಆಗ್ಬಿಡುತ್ತೆ ಅನ್ನೋ ಅರ್ಜೆಂಟು. ಕೊನೆಗೆ ಮಾರೋಕೆ ಹೋದ್ರೆ ಅರ್ಧ ರೇಟೂ ಬರಲಿಲ್ಲ. ಹಿಂದಿನ ನಂಬರ್ ಬಗ್ಗೆ ಕೇಳಿದವರೇ ಇಲ್ಲ.

ಅದಕ್ಕೇ ನಿಮ್ಮ ಪ್ರಶ್ನೆನೇ ನನಗೆ ಸರಿ ಕಾಣ್ತಿಲ್ಲ. ಎಷ್ಟು ಪೀಸ್ ಅನ್ನೋದಕ್ಕೂ ಡಯಲ್ ಚೆನ್ನಾಗಿರೋದಕ್ಕೂ ಸಂಬಂಧ ಇಲ್ಲ. ಹಾಲಿವುಡ್ ನಟ ಪಾಲ್ ನ್ಯೂಮನ್ ಕಟ್ತಿದ್ದ ರೋಲೆಕ್ಸ್ ಡೇಟೋನಾ ವಾಚಿನ ಉದಾಹರಣೆ ಎಲ್ಲರೂ ಕೊಡ್ತಾರೆ, 2017ರಲ್ಲಿ ನ್ಯೂಯಾರ್ಕ್ ಹರಾಜಲ್ಲಿ 1.77 ಕೋಟಿ ಡಾಲರ್‌ಗೆ ಹೋಯ್ತು ಅಂತ. ಸ್ವಾಮಿ, ಅದು ಲಿಮಿಟೆಡ್ ಎಡಿಷನ್ನೇ ಅಲ್ಲ, ರೋಲೆಕ್ಸ್ ಅಂಗಡಿಲಿ ಸಿಗ್ತಿದ್ದ ಮಾಡೆಲ್ಲು, ಆ ಡಯಲ್ ಆವಾಗ ಜನ ಕೇಳ್ತಾನೂ ಇರಲಿಲ್ಲ. ಹಿಂದುಗಡೆ ಹುಷಾರಾಗಿ ಓಡಿಸು ಅಂತ ಹೆಂಡತಿ ಕೆತ್ತಿಸಿ ಕೊಟ್ಟಿದ್ದನ್ನ ಆ ಮನುಷ್ಯ ಕಟ್ಕೊಂಡು ಓಡಾಡ್ದ, ಬೆಲೆ ಬಂದಿದ್ದು ಅದಕ್ಕೆ.

ಡಯಲ್ ಬಗ್ಗೆ ಕಲೀಬೇಕು ಅಂದ್ರೆ ಹ್ಯೂಯರ್ ವಾಚ್ ಕಂಪನಿ ಮನೆತನದ ಜ್ಯಾಕ್ ಹ್ಯೂಯರ್ ಕಥೆ ನೋಡಿ. 1958ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ರ‍್ಯಾಲಿಲಿ ನ್ಯಾವಿಗೇಟರ್ ಆಗಿ ಕೂತಿದ್ದ, ತಮ್ಮದೇ ಕಂಪನಿಯ ಡ್ಯಾಶ್‌ಬೋರ್ಡ್ ಟೈಮರಲ್ಲಿ ಒಂದು ನಿಮಿಷ ತಪ್ಪಾಗಿ ಓದಿದ, ಗೆಲ್ಲಬೇಕಾಗಿದ್ದೋರು ಮೂರನೇ ಸ್ಥಾನಕ್ಕೆ ಇಳಿದ್ರು. ಅದೇ ಆಸಾಮಿ 1963ರಲ್ಲಿ ಕರೇರಾ ಅನ್ನೋ ವಾಚ್ ಮಾಡಿದಾಗ ಸೆಕೆಂಡಿನ ಐದನೇ ಒಂದು ಭಾಗದ ಗೆರೆಗಳನ್ನ ಡಯಲ್ಲಿಂದ ಎತ್ತಿ ಗಾಜಿನ ಸುತ್ತ ಇರೋ ಒಳಗಿನ ರಿಂಗಿಗೆ ಹಾಕಿದ, ಡಯಲ್ ಖಾಲಿ ಆಯ್ತು, ಉಸಿರಾಡೋ ಜಾಗ ಬಂತು. ಹೆಸರು ಮಾತ್ರ ಮೆಕ್ಸಿಕೋದ ರೋಡ್ ರೇಸಿಂದು, ಮೊದಲ ಡಯಲ್ಲಲ್ಲಿ ಬಾವುಟ ಇಲ್ಲ, ಟೈರ್ ಗುರುತಿಲ್ಲ, ಏನೂ ಇಲ್ಲ. ನನ್ನ ಪ್ರಕಾರ ಮೋಟಾರ್‌ಸ್ಪೋರ್ಟ್ ಡಯಲ್ ಅಂದ್ರೆ ಅದು.

ಫ್ಲ್ಯಾಗ್ ಡಯಲ್ಲಿನ ತೊಂದರೆ ಏನಂದ್ರೆ ಕಪ್ಪು ಬಿಳಿ ಚೌಕದ ಮೇಲೆ ಕಪ್ಪು ಮುಳ್ಳು ಹಾಕಿದ್ರೂ ಬಿಳಿ ಮುಳ್ಳು ಹಾಕಿದ್ರೂ ಅರ್ಧ ಹೊತ್ತು ಮಾಯ ಆಗುತ್ತೆ. ಚೌಕ ಅಂಚಿನ ರಿಂಗಲ್ಲಿ ಮಾತ್ರ ಇದ್ರೆ ಪರವಾಗಿಲ್ಲ, ಡಯಲ್ ಪೂರ್ತಿ ಇದ್ರೆ ಬೇಡ. ಹಂಗಂತ ಪಾಂಡಾ ಎಲ್ಲಾ ಒಳ್ಳೇದು ಅಂತಲ್ಲ. ಸಬ್‌ಡಯಲ್ ಎಲ್ಲಿ ಕೂರುತ್ತೆ ಅನ್ನೋದು ಒಳಗಿನ ಮೂವ್‌ಮೆಂಟ್, ಅಂದ್ರೆ ವಾಚ್ ಓಡಿಸೋ ಯಂತ್ರದ ಮೇಲಿದೆ, 7750 ಅನ್ನೋ ಮೂವ್‌ಮೆಂಟ್ ಅಗಲ 30 ಮಿಲಿಮೀಟರ್, ಅದನ್ನ 45 ಮಿಲಿಮೀಟರ್ ಕೇಸಿಗೆ ತುರುಕಿದ್ರೆ ಸಬ್‌ಡಯಲ್ ಎಲ್ಲಾ ಮಧ್ಯಕ್ಕೆ ಗುಂಪು ಕಟ್ಕೊಂಡು ಸುತ್ತ ಬಯಲು ಬಿಡುತ್ತೆ. ಸೀಕೋದ ವಿಕೆ63 ಥರ ಮೆಕಾ-ಕ್ವಾರ್ಟ್ಜ್ (ಬ್ಯಾಟರಿಲಿ ಓಡೋ ವಾಚಿಗೆ ಮೆಕ್ಯಾನಿಕಲ್ ಸ್ಟಾಪ್‌ವಾಚ್ ಸೇರಿಸಿದ ಯಂತ್ರ) ಹಾಕಿದ್ರೆ ಬಲಗಡೆ ಇರೋದು 24 ಗಂಟೆ ಸಬ್‌ಡಯಲ್ಲು, ಟೈಮಿಂಗಿಗೆ ಅದು ಯಾವ ಕೆಲಸಕ್ಕೂ ಬರಲ್ಲ, ಸುಮ್ನೆ ಸಿಮ್ಮೆಟ್ರಿಗೆ. ಇನ್ನೊಂದು ಮಜಾ, ಸೆಕೆಂಡಿಗೆ ಎಂಟು ಸಲ ಬಡಿಯೋ ಮೂವ್‌ಮೆಂಟ್ ಮೇಲೆ ಸೆಕೆಂಡನ್ನ ಐದು ಭಾಗ ಮಾಡಿರೋ ಸ್ಕೇಲ್ ಹಾಕಿರ್ತಾರೆ, ಮುಳ್ಳು ಆ ಸಣ್ಣ ಗೆರೆ ಮೇಲೆ ಕರೆಕ್ಟಾಗಿ ನಿಲ್ಲೋದೇ ಇಲ್ಲ. ನಾಲ್ಕು ಭಾಗ ಇದ್ರೆ ಡಿಸೈನರ್ ತಲೆ ಓಡಿಸಿದಾನೆ ಅಂತ ಅರ್ಥ. ಟ್ಯಾಕಿಮೀಟರ್, ಅಂದ್ರೆ ವೇಗ ತೋರಿಸೋ ಸ್ಕೇಲ್ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ಒಂದು ಕಿಲೋಮೀಟರಿಗೆ 45 ಸೆಕೆಂಡ್ ಆದ್ರೆ ಗಂಟೆಗೆ 80 ಕಿಲೋಮೀಟರ್ ಅಂತ ತೋರಿಸುತ್ತೆ, ಮಾಮೂಲಿ ಸ್ಕೇಲ್ 60ಕ್ಕಿಂತ ಕಮ್ಮಿ ವೇಗ ತೋರಿಸಲ್ಲ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಅದರಿಂದ ಏನುಪಯೋಗ ಹೇಳಿ.

ಬೆಲೆ ಬರಲಿ ಅಂತ ತಗೊಳೋದಾದ್ರೆ ಎರಡೂ ಬೇಡ, ಆ ದುಡ್ಡು ಎಫ್‌ಡಿಲಿ ಇಡಿ. ಕಟ್ಕೊಳ್ಳೋಕೆ ಅಂದ್ರೆ ಪಾಂಡಾ ಮಾರ್ತಿರೋರಿಗೆ ಮೆಸೇಜ್ ಹಾಕಿ, ಒಂಬತ್ತೂ ಕಾಲಿಗೆ ಮುಳ್ಳು ತಿರುಗಿಸಿ, ಕ್ರೋನೋ ಓಡಿಸಿ, ಬಿಸಿಲಲ್ಲಿ ಕೈಗೆ ಕಟ್ಟಿ ಒಂದು ವಿಡಿಯೋ ಕಳಿಸಿ ಅಂತ. ಸೆಕೆಂಡಿನ ಮುಳ್ಳಿನ ತುದಿ ಗೆರೆ ಮುಟ್ತಿದೆಯಾ ನೋಡಿ. ವಿಡಿಯೋ ಕಳಿಸಲ್ಲ ಅಂದ್ರೆ ಅಡ್ವಾನ್ಸ್ ಕಳಿಸ್ಬೇಡಿ.