ಓಣಿಯಲ್ಲಿ ಏಳು ಸಾವು: ನೀರಿನ ದೋಷವೇ?

ಪ್ರಶ್ನೆ: ನಮ್ಮದು ಜಮಖಂಡಿ ಹತ್ತಿರದ ಹಳ್ಳಿ. ಹತ್ತು ವರ್ಷದಲ್ಲಿ ನಮ್ಮ ಓಣಿಯ ಏಳು ಮಂದಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಜ್ಜನ ಕಾಲದಲ್ಲಿ ಈ ಹೆಸರೇ ಇರಲಿಲ್ಲ. ಕಬ್ಬಿಗೆ ಹೊಡೆಯುವ ಎಣ್ಣೆ (ಕೀಟನಾಶಕ), ಬೋರ್ ನೀರು ಕಾರಣವೇ, ಡಾಕ್ಟರೇ? ಪಟ್ಟಿ ಜೊತೆಗಿದೆ. ತಮ್ಮನಿಗೂ ಈಗ ಬಾಯಿ ಪೂರ್ತಿ ತೆರೆಯಲು ಬರುತ್ತಿಲ್ಲ.

ಉತ್ತರ: ಪಟ್ಟಿ ಕಳಿಸಿದ್ದು ಚಲೋ ಆಯ್ತು. ಮೂವರಿಗೆ ಬಾಯಿಯದು, ಇಬ್ಬರಿಗೆ ಗರ್ಭಕೊರಳಿನದು, ಒಬ್ಬರಿಗೆ ಸ್ತನದ್ದು, ಒಬ್ಬರಿಗೆ ಹೊಟ್ಟೆಯದು. ಇವು ಬೇರೆ ಬೇರೆ ಕಾಯಿಲೆಗಳು. ಬಾಯಿಯದಕ್ಕೆ ತಂಬಾಕು, ಅಡಿಕೆ; ಗರ್ಭಕೊರಳಿಗೆ ಎಚ್‌ಪಿವಿ ವೈರಸ್. ನೀರೊಂದೇ ಕಾರಣವಾಗಿದ್ದರೆ ಒಂದೇ ಬಗೆಯದು ಜಾಸ್ತಿ ಕಾಣಬೇಕಿತ್ತು, ಅಲ್ವಾ? ನೀರು ಪರೀಕ್ಷೆ ಮಾಡಿಸಿ, ಬೇಡ ಅನ್ನಲ್ಲ. ಎಣ್ಣೆ ಹೊಡೆಯುವಾಗ ಮುಖ ಕಟ್ಟಿಕೊಳ್ಳಿ.

ಅಜ್ಜನ ಕಾಲ ಅಂದಿರಿ. ಮುಧೋಳದಲ್ಲಿ ನನ್ನ ಅಜ್ಜಿ ‘ಹೊಟ್ಟೆಯಲ್ಲಿ ಗಂಟು’ ಎಂದು ಸತ್ತಳು. ಯಾರೂ ತುಣುಕು ತೆಗೆದು ನೋಡಲಿಲ್ಲ. ಅಂಥ ಸಾವು ಯಾವ ಲೆಕ್ಕಕ್ಕೂ ಸೇರಲಿಲ್ಲ. 1970ರ ಸುಮಾರಿಗೆ ನಮ್ಮವರ ಸರಾಸರಿ ಆಯಸ್ಸು 50ರ ಆಸುಪಾಸು, ಈಗ 70. ವಯಸ್ಸಾದಷ್ಟೂ ಕ್ಯಾನ್ಸರ್ ಜಾಸ್ತಿ. ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದಿದೆ. ಅಲ್ಲಿ ಗರ್ಭಕೊರಳಿನದು ಇಳಿದಿದೆ, ಸ್ತನದ್ದು ಏರಿದೆ. ಒಂದು ಓಣಿಯ ಲೆಕ್ಕದಲ್ಲಿ ಮಾತ್ರ ಹೀಗೆ ಏರಿಳಿತ ಹೇಳಲಾಗದು.

ನನಗೆ ಚಿಂತೆ ಪಟ್ಟಿಯದಲ್ಲ, ನಿಮ್ಮ ತಮ್ಮನದು. ಬಾಯಿ ಪೂರ್ತಿ ತೆರೆಯದಿರುವುದು ಬಾಯಿ ಕ್ಯಾನ್ಸರ್‌ನ ಮುನ್ಸೂಚನೆ ಇರಬಹುದು. ಅಡಿಕೆ, ಗುಟ್ಕಾ ಜಗಿಯುತ್ತಾನಾ? ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ, ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ ಇಡಲು ಹೇಳಿ. ಹೋಗದಿದ್ದರೆ ಇದೇ ವಾರ ಹಲ್ಲಿನ ಡಾಕ್ಟರಿಗೆ ತೋರಿಸಿ.