ಒಬ್ಬರಿಗಷ್ಟೇ ಅನ್ನ ಮಾಡಿದರೆ ತಳ ಹಿಡಿಯುವುದೇಕೆ? ಅಕ್ಕಿ, ನೀರು ಎರಡನ್ನೂ ಸಮವಾಗಿಯೇ ಕಡಿಮೆ ಮಾಡಿದ್ದೇನೆ.

ತಪ್ಪು ಆ ಸಮದಲ್ಲೇ ಇದೆ. ಅಕ್ಕಿ ಹೀರುವ ನೀರು ಅಕ್ಕಿಯ ಅಳತೆಗೆ ತಕ್ಕಂತೆ ಇಳಿಯುತ್ತದೆ, ಆದರೆ ಹಬೆಯಾಗಿ ಹೋಗುವ ನೀರು ಹಾಗೆ ಇಳಿಯುವುದಿಲ್ಲ. ಅದು ಪಾತ್ರೆಯ ಅಗಲ, ಮುಚ್ಚಳದ ಬಿಗಿ, ಬೇಯುವ ಹೊತ್ತನ್ನು ಅವಲಂಬಿಸಿದೆ. ಹಾಗಾಗಿ ದೊಡ್ಡ ಪಾತ್ರೆಯಲ್ಲಿ ಅರ್ಧ ಲೋಟ ಅಕ್ಕಿ ಹಾಕಿದರೆ ಬೇಯುವ ಮೊದಲೇ ನೀರು ಆರಿಬಿಡುತ್ತದೆ.

ಸುಮಾರು 15 ಸೆಂ.ಮೀ. ಅಗಲದ, ದಪ್ಪ ತಳದ ಪಾತ್ರೆ ಹಿಡಿಯಿರಿ. ತೊಳೆದ ಬಿಳಿ ಅಕ್ಕಿ ಅರ್ಧ ಲೋಟ, ನೀರು ಒಂದು ಲೋಟ, ಚಿಟಿಕೆ ಉಪ್ಪು. ಕುದಿ ಬಂದ ಮೇಲೆ ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ 12 ನಿಮಿಷ. ಆಮೇಲೆ ಉರಿ ಆರಿಸಿ, ಮುಚ್ಚಳ ತೆಗೆಯದೆ 10 ನಿಮಿಷ. ಈ ಹತ್ತು ನಿಮಿಷವನ್ನೇ ಹೆಚ್ಚಿನವರು ಬಿಡುವುದು. ತಳದ ತೇವ ಮೇಲಕ್ಕೆ ಹರಡುವುದು, ಅಂಟಿದ ಪದರ ಸಡಿಲವಾಗುವುದು ಆಗಲೇ. ಸಣ್ಣ ಉರಿಯೂ ಜೋರೆನಿಸಿದರೆ ಪಾತ್ರೆಯಡಿ ಕಾವಲಿ ಇಡಿ.

ಪಲ್ಯಕ್ಕೆ ಬೇರೆ ಪಾತ್ರೆ ಬೇಡವೆಂದರೆ, ಉರಿ ಆರಿಸಲು 5 ನಿಮಿಷ ಇರುವಾಗ ಸಣ್ಣಗೆ ಹೆಚ್ಚಿದ ಕ್ಯಾರೆಟ್ ಉದುರಿಸಿ, ಮೇಲೊಂದು ಮೊಟ್ಟೆ ಒಡೆದು ಹಾಕಿ ತಕ್ಷಣ ಮುಚ್ಚಿ. ಕಲಕಬೇಡಿ, ಅನ್ನ ಮುದ್ದೆಯಾಗುತ್ತದೆ.