ಬೆಟ್ಟವೊಂದೇ ದೇಶ ಕಾಯುವುದಿಲ್ಲ

ಹೊಸನಗರದ ಓದುಗರೊಬ್ಬರು ಬರೆದಿದ್ದಾರೆ: "ಮಧ್ಯ ಏಷ್ಯಾದ ಗಡಿ ಜಗಳದ ಬಗ್ಗೆ ನಿಮ್ಮ ಲೇಖನ ಓದಿದೆ. ನಮ್ಮ ಘಟ್ಟ, ಕಾಡು, ಮಳೆ ಸೇರಿ ಕೆಳದಿ ಅರಸರನ್ನು ಎರಡೂವರೆ ಶತಮಾನ ಕಾಪಾಡಿದವು. ಅದಕ್ಕಿಂತ ಎತ್ತರದ ಬೆಟ್ಟಗಳಿರುವ ಕಿರ್ಗಿಸ್ತಾನ, ತಜಿಕಿಸ್ತಾನಗಳಿಗೆ ಯಾಕೆ ನೆಮ್ಮದಿಯಿಲ್ಲ? ಗಡಿಯನ್ನೇ ಬೇರೆಯವರು ಎಳೆದಿದ್ದರೆ ಅಲ್ಲಿನ ದೇಶಾಭಿಮಾನವೂ ಎರವಲೇ?"

ಮಾನ್ಯರೇ,

ಮೊದಲು ಕೆಳದಿಯ ಮಾತು. ಘಟ್ಟ ಕಾಪಾಡಿದ್ದು ನಿಜ. ಆದರೆ 1763ರಲ್ಲಿ ಕೆಳದಿಯ ರಾಜಧಾನಿ ಬಿದನೂರು ಹೈದರಾಲಿಯ ಕೈಸೇರಿದಾಗಲೂ ಬೆಟ್ಟ, ಕಾಡು ಅಲ್ಲೇ ಇದ್ದವು. ಗದ್ದುಗೆ ಯಾರದೆಂಬ ಜಗಳ ಅಷ್ಟರಲ್ಲಿ ಹೈದರನ ಬಾಗಿಲಿಗೆ ಹೋಗಿತ್ತು. ಬೆಟ್ಟಕ್ಕಿಂತ ಒಳಗಿನವರ, ನೆರೆಯವರ ಸಂಬಂಧವೇ ದೊಡ್ಡದು ಎಂದು ನಾನು ನಂಬಿದ್ದೇನೆ.

ಫರ್ಗಾನಾ ಕಣಿವೆಯನ್ನೇ ನೋಡಿ. 1924ರಿಂದ ಸೋವಿಯತ್ ಆಡಳಿತ ಅದನ್ನು ಉಜ್ಬೆಕ್, ಕಿರ್ಗಿಜ್, ತಜಿಕ್ ಜನರ ನಡುವೆ ಹಂಚುತ್ತಾ ಹೋಯಿತು. ಆಗ ಅವು ಒಂದೇ ದೇಶದ ಒಳಗಿನ ಗೆರೆಗಳು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅದೇ ಗೆರೆಗಳು ದೇಶದ ಗಡಿಗಳಾದವು. ಸೋಖ್ ಎಂಬ ತುಂಡು ನೆಲ ಉಜ್ಬೆಕಿಸ್ತಾನದ್ದು, ಸುತ್ತಲೂ ಇರುವುದು ಕಿರ್ಗಿಸ್ತಾನ, ಒಳಗೆ ವಾಸಿಸುವವರು ಬಹುಪಾಲು ತಜಿಕರು! 1999ರಲ್ಲಿ ಉಗ್ರರ ಗುಂಪು ಕಿರ್ಗಿಸ್ತಾನದ ಬಟ್ಕೆನ್‌ಗೆ ನುಗ್ಗಿದ ಮೇಲೆ ಉಜ್ಬೆಕಿಸ್ತಾನ ಗಡಿಯಲ್ಲಿ ನೆಲಬಾಂಬ್ ಹೂತಿಟ್ಟಿತು. ಅದಕ್ಕೆ ಹಳ್ಳಿಯ ಬಡವರು ಬಲಿಯಾದರು. ಇದನ್ನು ಭದ್ರತೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನೀರಿನ ಕಥೆ ನಿಮಗೆ ಬೇಗ ಅರ್ಥವಾಗುತ್ತದೆ. ಲಿಂಗನಮಕ್ಕಿ ಒಂದು ದೇಶದಲ್ಲಿ, ಹೊನ್ನಾವರ ಇನ್ನೊಂದರಲ್ಲಿ ಇದ್ದಿದ್ದರೆ? ಕಿರ್ಗಿಸ್ತಾನದಲ್ಲಿ ನರಿನ್ ನದಿಗೆ ಕಟ್ಟಿದ ತೊಕ್ತೊಗುಲ್ ಅಣೆಕಟ್ಟಿನ ಪಾಡು ಅದೇ. ಸೋವಿಯತ್ ಕಾಲದಲ್ಲಿ ಕಿರ್ಗಿಜರು ಬೇಸಿಗೆಯಲ್ಲಿ ನದಿಯ ಕೆಳಗಿನ ಉಜ್ಬೆಕಿಸ್ತಾನದಂಥ ಕಡೆಯ ಹತ್ತಿ ಹೊಲಗಳಿಗೆ ನೀರು ಬಿಡುತ್ತಿದ್ದರು. ಬದಲಿಗೆ ಚಳಿಗಾಲಕ್ಕೆ ಕಲ್ಲಿದ್ದಲು, ಗ್ಯಾಸ್ ಬರುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಕೆಳಗಿನವರು ಗ್ಯಾಸಿಗೆ ದುಡ್ಡು ಕೇಳಿದರು. ಚಳಿಯಲ್ಲಿ ನಡುಗುವ ಜನ ಏನು ಮಾಡಬೇಕು? ಚಳಿಗಾಲದಲ್ಲೇ ನೀರು ಬಿಟ್ಟು ಕರೆಂಟ್ ಮಾಡಿಕೊಂಡರು. ಕೆಳಗಿನವರಿಗೆ ಚಳಿಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬರ. ಎರಡೂ ಕಡೆ ನ್ಯಾಯವಿತ್ತು ಅಲ್ವಾ? 2021ರಲ್ಲಿ ಕಿರ್ಗಿಜ್–ತಜಿಕ್ ಗಡಿಯಲ್ಲಿ ಗುಂಡು ಹಾರಿದ್ದೂ ಇನ್ನೊಂದು ಕಡೆಯ ನೀರು ಹಂಚುವ ಕಟ್ಟೆಯ ಹತ್ತಿರವೇ. 2022ರಲ್ಲಿ ಇನ್ನೂ ಹೆಚ್ಚು ಜನ ಸತ್ತರು.

ಅಭಿಮಾನ ಎರವಲಲ್ಲ. ತಜಿಕಿಸ್ತಾನ ತನ್ನ ನಾಣ್ಯಕ್ಕೆ ಸಾವಿರ ವರ್ಷಕ್ಕೂ ಹಿಂದಿನ ಸಾಮಾನಿ ವಂಶದ ಅರಸನ ಹೆಸರಿಟ್ಟಿತು. ಉಜ್ಬೆಕಿಸ್ತಾನದ ತಾಷ್ಕೆಂಟಿನಲ್ಲಿ ಕಾರ್ಲ್ ಮಾರ್ಕ್ಸ್ ಪ್ರತಿಮೆ ಇದ್ದ ಜಾಗಕ್ಕೆ ತೈಮೂರನ ಪ್ರತಿಮೆ ಬಂತು. ಸುಮ್ನೆ ಸರ್ಕಾರಿ ಆಟ ಎಂದು ತಳ್ಳಿಹಾಕಬೇಡಿ. 1991ರ ನಂತರ ಹುಟ್ಟಿದವರಿಗೆ ಬೇರೆ ದೇಶ ಗೊತ್ತೇ ಇಲ್ಲ. ಆದರೆ ತಜಿಕ್ ಮಾತಾಡುವ ಸಮರ್ಕಂದ್ ಉಜ್ಬೆಕಿಸ್ತಾನದಲ್ಲಿದೆ. ಒಬ್ಬರ ಹೆಮ್ಮೆ ಇನ್ನೊಬ್ಬರ ನೆಲದ ಮೇಲೆ ಕಣ್ಣಿಟ್ಟಾಗ ನನಗೆ ಭಯವಾಗುತ್ತದೆ.

ಅಲ್ಲಿ ಈಗ ಒಳ್ಳೆಯ ಸುದ್ದಿಯೂ ಇದೆ. 2025ರ ಮಾರ್ಚ್‌ನಲ್ಲಿ ಕಿರ್ಗಿಸ್ತಾನ, ತಜಿಕಿಸ್ತಾನ ಗಡಿ ಒಪ್ಪಂದಕ್ಕೆ ಸಹಿ ಹಾಕಿದವು. ಕೆಲವೆಡೆ ಭೂಮಿ ಅದಲುಬದಲು ಮಾಡಿಕೊಂಡರು, ಕೆಲವು ರಸ್ತೆಗಳನ್ನು ಇಬ್ಬರೂ ಬಳಸಬಹುದು ಎಂದುಕೊಂಡರು. ನರಿನ್ ಮೇಲೆ ಕಂಬರಾತಾ ಅಣೆಕಟ್ಟು ಬೇಡವೇ ಬೇಡ ಎಂದು ಒಂದು ಕಾಲದಲ್ಲಿ ಹಟ ಹಿಡಿದಿದ್ದ ಉಜ್ಬೆಕಿಸ್ತಾನ, ಈಗ ಅದನ್ನು ಕಿರ್ಗಿಸ್ತಾನ ಮತ್ತು ಕಜಾಕಿಸ್ತಾನದ ಜೊತೆ ಸೇರಿ ಕಟ್ಟಲು ಒಪ್ಪಿದೆ.

— ಸಂಪಾದಕ